ಎರಡು ಸೆಕೆಂಡು ಹೊಗೆ

ಹೊರಗಿನಿಂದ ಬೀಗ ಜಡಿದ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಇದನ್ನು ತಿಳಿಯಲು ಯಾರೂ ಶಾಲೆಗೆ ಹೋಗಬೇಕಿಲ್ಲ. ಆದರೂ ಹೊಲಿಗೆ ಕಾರ್ಖಾನೆಯ ಬೆಂಕಿಯಲ್ಲಿ ಹನ್ನೊಂದು ಜನ ಸತ್ತ ಮೇಲೆ, ಬೀಗ ಇತ್ತೆಂದು ತೋರಿಸಿ ಎಂದು ವಿಚಾರಣಾ ಕಚೇರಿ ಕೇಳಿತು. ತೋರಿಸುವ ಹೊರೆ ಬಂದು ಬಿದ್ದದ್ದು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿ ಹೊಟ್ಟೆ ಹೊರೆಯುವ ಒಬ್ಬನ ತಲೆಯ ಮೇಲೆ.

ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಾರೆ. ಫೋಟೊ ಸ್ಟುಡಿಯೊದ ಹಿಂಬದಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಕುಡಿದು ತೂರಾಡುವ ಚಿಕ್ಕಪ್ಪ, ಮುಖ ಗಂಟಿಕ್ಕಿಕೊಂಡ ಅತ್ತೆ, ಊಟದ ಮನೆಯ ಜಗಳ, ಎಲ್ಲವನ್ನೂ ಕತ್ತರಿಸಿ ಎಸೆದು, ಜಗತ್ತಿನಲ್ಲಿ ಬರೀ ನಗುವವರೇ ಇದ್ದಾರೆಂದು ತೋರಿಸಿಕೊಡುತ್ತಾನೆ. ತೆಗೆದದ್ದನ್ನು ವಾಪಸ್ ಕೊಡು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ.

ಸತ್ತ ಹನ್ನೊಂದು ಜನರಲ್ಲಿ ಅವನ ಅಕ್ಕನ ಗಂಡನೂ ಒಬ್ಬ. ಆ ದಿನ ಭಾವ ಕನ್ನಡಕ ಮರೆತು ಕೆಲಸಕ್ಕೆ ಹೋಗಿದ್ದ. ಕೊಟ್ಟು ಬರೋಣವೆಂದು ಅಕ್ಕ ಗೇಟಿನ ಹತ್ತಿರ ಬಂದಾಗ ಮೇಲಿನಿಂದ ಹೊಗೆ ಏಳುತ್ತಿತ್ತು. ಶಟರಿಗೆ ಹೊರಗಿನಿಂದ ಬೀಗ. ಬಟ್ಟೆ ಕದ್ದುಕೊಂಡು ಹೋಗುತ್ತಾರೆಂದು ದಿನಾಲೂ ಹಾಕುವ ಬೀಗ. ಅಕ್ಕ ಕೂಗಿಕೊಂಡಾಗ ಕಾವಲುಗಾರ ಅಂದದ್ದು, "ಬೀಗ ಎಲ್ಲಿದೆ? ತೆಗೆದೇ ಇದೆ, ಸುಮ್ಮನೆ ಹೋಗಮ್ಮ." ಆಗ ಅವಳು ಫೋನ್ ಎತ್ತಿದಳು. ಮಧ್ಯೆ ಎರಡು ಸಲ ನಿಲ್ಲಿಸಿ, ಬರಿಗೈಯಲ್ಲಿ ಬೀಗ ಜಗ್ಗಿದಳು. ಹಾಗಾಗಿ ಏಳು ನಿಮಿಷದ ವಿಡಿಯೊ ಮೂರು ತುಣುಕಾಗಿತ್ತು.

ಬಾಗಿಲು ತೆರೆದೇ ಇತ್ತು, ಕೆಲಸದವರೇ ಗಾಬರಿಬಿದ್ದು ದಾರಿ ತಪ್ಪಿ ಸತ್ತರು ಎಂದು ಕಾರ್ಖಾನೆ ಬರೆದುಕೊಟ್ಟಿತು. ಅದು ಸುಳ್ಳು ಎನ್ನಲು ಅಕ್ಕನ ವಿಡಿಯೊ ಒಂದೇ ಆಧಾರ.

ಅವಳು ಫೋನನ್ನೇ ಕಚೇರಿಗೆ ಒಯ್ದಿದ್ದಳು. ಕೌಂಟರಿನ ಗುಮಾಸ್ತ ತಲೆ ಎತ್ತದೆ ಹೇಳಿದ: "ಮೂರು ತುಂಡು ತಗೊಳ್ಳಲ್ಲಮ್ಮ. ಒಂದೇ ಫೈಲ್ ಮಾಡಿಸ್ಕೊಂಡು ಬನ್ನಿ. ಎಚ್‌.ಡಿ. ಇರಬೇಕು, ನಮ್ಮ ಕಂಪ್ಯೂಟರಲ್ಲಿ ಓಪನ್ ಆಗಬೇಕು. ಗುರುವಾರ ನಾಲ್ಕು ಗಂಟೆ ಕೊನೆ."

ಬುಧವಾರ ಸಂಜೆ ಕತ್ತರಿ ತುಣುಕುಗಳನ್ನು ಫೋನಿನಿಂದ ತನ್ನ ಯಂತ್ರಕ್ಕೆ ಹಾಕಿಕೊಂಡ. ನಕಲು ಮಾಡಲಿಲ್ಲ, ಎತ್ತಿ ಆಚೆಯಿಂದ ಈಚೆಗೆ ಇಟ್ಟ; ಫೋನಿನಲ್ಲಿ ಏನೂ ಉಳಿಯಲಿಲ್ಲ. ಸ್ಟುಡಿಯೊದಲ್ಲಿ ನಡೆದು ಬಂದದ್ದೇ ಹಾಗೆ: ಗಿರಾಕಿಯ ಮೆಮೊರಿ ಕಾರ್ಡು ಖಾಲಿಯಾಗಿ ಹಿಂತಿರುಗಬೇಕು. ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ರೆಂಡರ್‌ಗೆ ಕೊಟ್ಟ. ಅಂದರೆ ಜೋಡಿಸಿದ ತುಣುಕುಗಳನ್ನೆಲ್ಲ ಅರೆದು ಒಂದೇ ಫೈಲ್ ಮಾಡು ಎಂದು ಯಂತ್ರಕ್ಕೆ ಅಪ್ಪಣೆ. ಶೇಕಡಾ ಅರವತ್ತೊಂದಕ್ಕೆ ಬಂದಾಗ ಪರದೆ ಬಿಳಿಚಿಕೊಂಡು, ಸಾಫ್ಟ್‌ವೇರ್ ಮುಚ್ಚಿಹೋಯಿತು. ಅವನಿಗೆ ಇದು ಹೊಸದಲ್ಲ. ಯಂತ್ರ ಕೂಡಿಟ್ಟುಕೊಂಡಿದ್ದ ಹಳೆಯ ತಾತ್ಕಾಲಿಕ ಫೈಲುಗಳನ್ನು ಅಳಿಸಿದ. ಡಿಸ್ಕಿನಲ್ಲಿ ಜಾಗ ಮಾಡಿದ. ಗ್ರಾಫಿಕ್ಸ್ ಕಾರ್ಡನ್ನು ಬದಿಗಿಟ್ಟು ಪ್ರೊಸೆಸರ್ ಒಂದಕ್ಕೇ ಕೆಲಸ ಕೊಟ್ಟ. ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗೆ ಗಾಳಿ ಹೋಗುವಂತೆ ಟೇಬಲ್ ಫ್ಯಾನ್ ತಿರುಗಿಸಿದ. ಪ್ರಾಜೆಕ್ಟನ್ನು ಮೊದಲಿನಿಂದ ಹೊಸದಾಗಿ ಕಟ್ಟಿದ. ಮತ್ತೆ ಅರವತ್ತೊಂದು. ಮತ್ತೆ ಬಿಳಿ.

ಸ್ಟುಡಿಯೊ ಮಾಲೀಕ ಬಾಗಿಲಲ್ಲಿ ತಲೆ ಹಾಕಿದ. "ಏನಯ್ಯ ಕತ್ತರಿ, ಮುಷ್ಕರವಾ?"

"ಸಾಯ್ತಾ ಇದೆ ಸರ್. ಆರನೇ ಸಲ."

"ನನ್ನ ಮದುವೆಗಿಂತ ಹಳೇ ಡಬ್ಬ ಅದು. ಮದುವೆಗಿಂತ ಚೆನ್ನಾಗಿ ನಡೀತಿದೆ ಅಂತ ಸಮಾಧಾನ ಮಾಡ್ಕೋ." ಮೂಲೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ ಅಕ್ಕ ಆಗ ಅವನ ಕಣ್ಣಿಗೆ ಬಿದ್ದಳು. ಮಾಲೀಕ ನಗು ನುಂಗಿಕೊಂಡು ಹೊರಟುಹೋದ.

ಬಿಸಿಯಿಂದ ಯಂತ್ರ ಸತ್ತರೆ ಒಂದೊಂದು ಸಲ ಒಂದೊಂದು ಕಡೆ ಸಾಯುತ್ತದೆ. ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಸತ್ತರೆ ತುಣುಕಿನಲ್ಲೇ ಹುಳುಕು. ಕತ್ತರಿ ವಿಡಿಯೊವನ್ನು ಅರ್ಧ ಮಾಡಿ ರೆಂಡರ್ ಮಾಡಿದ. ಸಾಯುವ ಅರ್ಧವನ್ನು ಮತ್ತೆ ಅರ್ಧ ಮಾಡಿದ. ಹೀಗೆ ಹುಡುಕುತ್ತಾ ಹೋಗಿ ಎರಡನೇ ತುಣುಕಿನ ನಡುವಿಗೆ ಬಂದು, ಫ್ರೇಮು ಫ್ರೇಮಾಗಿ ನೋಡತೊಡಗಿದ. ಬೀಗ. ಶಟರು. ಶಟರಿನ ಒಳಗಿನಿಂದ ಬಡಿಯುವ ಸದ್ದು. ಅದೇ ತುಣುಕಿನಲ್ಲಿ ಅಕ್ಕ ಸುತ್ತ ತಿರುಗಿ ಸಹಾಯಕ್ಕೆ ಕೂಗಿದಾಗ ಎದುರಿನ ಕಟ್ಟಡದ ಬಾಲ್ಕನಿಗಳು ಕಾಣುತ್ತವೆ. ಅಲ್ಲಿ ಎತ್ತಿ ಹಿಡಿದ ಫೋನುಗಳನ್ನು ಅವನು ಎಣಿಸಿದ. ಹತ್ತೊಂಬತ್ತು.

"ಸೌಂಡ್ ಆಫ್ ಮಾಡೋ," ಅಕ್ಕ ಗೋಡೆಗೇ ಹೇಳಿದಳು. "ನನ್ನ ದನಿ ನನಗೇ ಕೇಳೋಕಾಗ್ತಿಲ್ಲ."

ಹುಳುಕು ಸಿಕ್ಕಿತು. ಫೋನ್ ಬಿಸಿಯೇರಿ ತಡವರಿಸಿದ ಒಂದು ಕ್ಷಣ: ಗಾಳಿ ತಿರುಗಿ ಹೊಗೆ ಕ್ಯಾಮೆರಾಗೆ ಕವಿದಿತ್ತು, ಹತ್ತಾರು ಫ್ರೇಮು ಮುರಿದಿದ್ದವು. ಬೀಗವೂ ಇಲ್ಲ, ಮನುಷ್ಯರೂ ಇಲ್ಲ, ಬರೀ ಬೂದುಬಣ್ಣ. ಇದಕ್ಕೆ ಸರಿಯಾದ ಮದ್ದು ಅವನಿಗೆ ಗೊತ್ತಿತ್ತು. ಆ ತುಣುಕನ್ನು ಇನ್ನೊಂದು ಸಾಫ್ಟ್‌ವೇರಿನಲ್ಲಿ ಬೇರೆ ಜಾತಿಯ ಫೈಲಾಗಿ ಬದಲಿಸಿ, ಆಮೇಲೆ ಜೋಡಿಸಬೇಕು. ಆ ಡಬ್ಬದಲ್ಲಿ ಅದಕ್ಕೆ ಎರಡೂವರೆ ಗಂಟೆ. ಗಡಿಯಾರದಲ್ಲಿ ಎರಡಾಗಲು ಹತ್ತು ನಿಮಿಷ. ಕಚೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಅವನು ಇಪ್ಪತ್ತೆರಡು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಎರಡು ಸೆಕೆಂಡು ಕತ್ತರಿಸಿ, ಆಚೀಚೆಯ ತುದಿ ಕೂಡಿಸಿದ.

ಅರವತ್ತೊಂದು ದಾಟಿತು. ನೂರಾಯಿತು. "ಆಯ್ತಕ್ಕ," ಅಂದ. ಅಕ್ಕ ಮೊದಲ ಸಲ ಇತ್ತ ತಿರುಗಿದಳು. ಮೂರೂ ಮುಕ್ಕಾಲಿಗೆ ಗುಮಾಸ್ತ ಪೆನ್‌ಡ್ರೈವ್ ತೆಗೆದುಕೊಂಡು ಸೀಲು ಒತ್ತಿದ.

ಅಷ್ಟಕ್ಕೇ ಮುಗಿದಿದ್ದರೂ ಚೆನ್ನಾಗಿತ್ತು. ಆದರೆ ಸ್ಟುಡಿಯೊದಲ್ಲಿ ಇನ್ನೊಂದು ಪದ್ಧತಿಯಿದೆ: ಗಿರಾಕಿಗೆ ಕೊಟ್ಟಾದ ಮೇಲೆ ಮೂಲವನ್ನು ಅಳಿಸಬೇಕು, ಇಲ್ಲವಾದರೆ ಮುಂದಿನ ಕೆಲಸಕ್ಕೆ ಜಾಗವಿರುವುದಿಲ್ಲ. ಶುಕ್ರವಾರ ದೊಡ್ಡದೊಂದು ಮದುವೆ ಬಂದು ಕೂತಿತ್ತು. ಕತ್ತರಿ ಹಳೆಯ ಫೋಲ್ಡರುಗಳನ್ನು ಸಾಲಾಗಿ ಅಳಿಸಿದ. ಅಕ್ಕನ ಫೋಲ್ಡರೂ ಆ ಸಾಲಿನಲ್ಲಿತ್ತು.

ಮೂರು ವಾರದ ಮೇಲೆ ವಿಚಾರಣೆ. ವಿಡಿಯೊ ಓಡುತ್ತಿದ್ದಂತೆ ಕಾರ್ಖಾನೆಯ ವಕೀಲ ಕೈ ಎತ್ತಿ ನಿಲ್ಲಿಸಿದ. ನಾಲ್ಕು ನಿಮಿಷ ಹದಿನಾರು ಸೆಕೆಂಡಿನಲ್ಲಿ ಬಡಿಯುವ ಸದ್ದು ಎಡವಿತ್ತು, ಹೊಗೆ ಜಿಗಿದಿತ್ತು.

"ಇಲ್ಲಿ ಏನೋ ತೆಗೆದಿದ್ದೀರಿ."

ಕತ್ತರಿ ಸುಳ್ಳು ಹೇಳಬಹುದಿತ್ತು. ಫೋನೇ ಹಾಗೆ ಅನ್ನಬಹುದಿತ್ತು. "ಹೌದು ಸರ್. ಎರಡು ಸೆಕೆಂಡು."

"ಏನಿತ್ತು ಅದರಲ್ಲಿ?"

"ಹೊಗೆ ಸರ್."

"ಬರೀ ಹೊಗೆ ಆದ್ರೆ ಯಾಕೆ ತೆಗೆದ್ರಿ?"

"ರೆಂಡರ್ ಆಗ್ತಿರಲಿಲ್ಲ ಸರ್. ಅಲ್ಲಿಗೆ ಬಂದು ಸಾಯ್ತಿತ್ತು."

"ಮೂಲ ಎಲ್ಲಿದೆ?"

"ಅಳಿಸಿಬಿಟ್ಟೆ ಸರ್." ಅಳಿಸಿದ್ದನ್ನು ಮರಳಿ ಪಡೆಯಲು ಮೂರು ಬಗೆಯ ಸಾಫ್ಟ್‌ವೇರ್ ಆಮೇಲೆ ಹಾಕಿ ನೋಡಿದ. ಆ ಜಾಗದ ತುಂಬ ಯಾರದೋ ಮದುವೆ ಕೂತಿತ್ತು.

ಆ ಎರಡು ಸೆಕೆಂಡಿನಲ್ಲಿ ಬೀಗ ತೆರೆದು ಮತ್ತೆ ಹಾಕಿರಬಹುದು ಎಂದ ವಕೀಲ. ತಿದ್ದಿದ ವಿಡಿಯೊ ನಂಬಲರ್ಹವಲ್ಲ ಎಂದು ವಿಚಾರಣಾಧಿಕಾರಿ ಬರೆದುಕೊಂಡರು. ಜೋಡಿಸಿ ತನ್ನಿ ಅಂದದ್ದು ಆ ಕಚೇರಿಯೇ; ಕೈ ಹಾಕಿದ್ದನ್ನು ನಂಬುವುದಿಲ್ಲ ಅಂದದ್ದೂ ಆ ಕಚೇರಿಯೇ. ಹನ್ನೊಂದು ಜನ ಒಳಗಿದ್ದಾಗ ಕೀಲಿ ಯಾರ ಜೇಬಿನಲ್ಲಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಅಧಿಕಾರಿ ಒಂದು ಮಾತು ಸೇರಿಸಿದರು: ಬೇರೆ ಯಾರ ಬಳಿಯಾದರೂ ತಿದ್ದದ ವಿಡಿಯೊ ಇದ್ದರೆ ಮುಂದಿನ ಹದಿನಾಲ್ಕನೇ ತಾರೀಖಿಗೆ ತರಬಹುದು.

ಬಸ್ಸಿನಲ್ಲಿ ಅಕ್ಕ ಅವನ ಪಕ್ಕದಲ್ಲೇ ಕೂತಳು. ಕೈಚೀಲದಲ್ಲಿ ಭಾವನ ಕನ್ನಡಕ ಇನ್ನೂ ಇತ್ತು. ಇಳಿಯುವ ಮುಂಚೆ ಹೇಳಿದಳು, "ಅಷ್ಟೂ ಹೊಗೆ ಕುಡಿದು ಸತ್ತರಲ್ಲೋ ಅವರು. ಅದರಲ್ಲಿ ಎರಡು ಸೆಕೆಂಡು ನಿನಗೆ ಬೇಡವಾಯ್ತಾ?"

ಮಾರನೇ ದಿನದಿಂದ ಬಾಲ್ಕನಿಯಲ್ಲಿ ಕಂಡ ಆ ಫೋನುಗಳನ್ನು ಹುಡುಕಿ ಕತ್ತರಿ ಕಾರ್ಖಾನೆಯ ಎದುರಿನ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಾನೆ. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ಅಳಿಸಿಬಿಟ್ಟೆವು ಅಂದರು. ಒಬ್ಬಾಕೆ ಚಹಾ ಕೊಟ್ಟು, "ನಮಗ್ಯಾಕಪ್ಪ ಇದೆಲ್ಲ, ಮಕ್ಕಳು ಮರಿ ಇರೋರು" ಅಂದಳು. ಹತ್ತೊಂಬತ್ತು ವಿಡಿಯೊಗಳಲ್ಲಿ ಒಂದೂ ಅವನ ಕೈಗೆ ಬಂದಿಲ್ಲ.

ಆ ಹತ್ತೊಂಬತ್ತು ಜನ ಎಲ್ಲೋ ಇಲ್ಲ, ನೀವೇ; ಇದನ್ನು ಓದುತ್ತಿದ್ದೀರಿ. ಆ ಮಧ್ಯಾಹ್ನ ನೀವು ಬಾಲ್ಕನಿಯಲ್ಲಿ ನಿಂತಿದ್ದಿರಿ, ಫೋನ್ ಎತ್ತಿ ಹಿಡಿದಿದ್ದಿರಿ, ಶಟರು ಬಡಿಯುವ ಸದ್ದು ನಿಮಗೂ ಕೇಳಿಸಿತ್ತು. ಫೋನ್ ಈಗಲೇ ತೆಗೆಯಿರಿ. ಆ ದಿನದ ವಿಡಿಯೊ ಹುಡುಕಿ. ಚಂದ ಮಾಡಬೇಡಿ, ಚಿಕ್ಕದು ಮಾಡಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ಒಂದು ಫ್ರೇಮನ್ನೂ ಮುಟ್ಟಬೇಡಿ. ಹದಿನಾಲ್ಕನೇ ತಾರೀಖಿಗೆ ಆ ಫೋನನ್ನು ಇದ್ದ ಹಾಗೇ ತಂದು ಅಧಿಕಾರಿಯ ಮೇಜಿನ ಮೇಲಿಡಿ.