ಕೆಂಪು ಕಾಯಿ ಇಲ್ಲದ ಮಣೆ

ಕಾಕುವಿನ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳುತ್ತ ಆ ಬೆರಳು ಚಾಚಿದರೆ, ಬೈಸಿಕೊಳ್ಳುವವನಿಗಿಂತ ಪಕ್ಕದಲ್ಲಿ ಕುಳಿತವನಿಗೇ ಹೆಚ್ಚು ಗಾಬರಿಯಾಗುತ್ತಿತ್ತು. ಹೆಚ್ಚಾಗಿ ನಾನೇ ಪಕ್ಕದಲ್ಲಿ ಕುಳಿತಿರುತ್ತಿದ್ದೆ.

ಸದಲಗಾದ ಅವರ ಮನೆಯ ಮಹಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಬಾಡಿಗೆಗಿದ್ದೇನೆ. ರಕ್ತಸಂಬಂಧವೇನಿಲ್ಲ, ಚಿಕ್ಕಮ್ಮನಿಗೆ ಅಂದಂತೆ ಬಾಯಿತುಂಬ ಕಾಕು ಅನ್ನುತ್ತಿದ್ದೆ, ಅಷ್ಟೇ. ಶಾಲೆಯಲ್ಲಿ ಪಾಠ ಹೇಳಿ ಬಂದು ನಾನು ಕೈಕಾಲು ತೊಳೆಯುವುದರೊಳಗೆ ಅವರ ಯಜಮಾನರು, ನಮ್ಮ ಕಾಕಾ, ಕೇರಂ ಬೋರ್ಡಿಗೆ ಪೌಡರ್ ಉದುರಿಸಿ ಕಾಯುತ್ತಿದ್ದರು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಆಟ ಎಷ್ಟೇ ರಂಗೇರಿರಲಿ, ಕಾಕು "ತಾಟ ಹಾಕೀನಿ" ಅಂದರೆ ಮುಗಿಯಿತು.

ಒಂದು ಸಂಜೆ ಕಾಕಾ ಕೆಂಪು ಕಾಯಿ ಹಾಕಿದರು. ಅದು ದಕ್ಕಬೇಕಾದರೆ ಮುಂದಿನ ಹೊಡೆತಕ್ಕೇ ಅವರದೊಂದು ಬಿಳಿ ಕಾಯಿ ಬೀಳಬೇಕು. ಬಿಳಿ ಕಾಯಿ ತೂತಿನ ಅಂಚಿಗೆ ಹೋಗಿ ನಿಂತಿತು. ಆಮೇಲೆ ಬಿತ್ತು. ಮೊಣಕೈ ಬೋರ್ಡಿಗೆ ತಾಗಿದ್ದರಿಂದ ಬಿತ್ತು ಎಂದು ನಾನು, ಇಲ್ಲವೇ ಇಲ್ಲ ಎಂದು ಅವರು. ಐವತ್ತರ ಹತ್ತಿರ ಬಂದ ಮಾಸ್ತರನೊಬ್ಬ ಮಾಡಬಾರದ ಕೆಲಸ ಮಾಡಿದೆ. ಕೆಂಪು ಕಾಯಿಯನ್ನು ಜೇಬಿಗಿಳಿಸಿ, "ಒಪ್ಪಿಕೊಂಡ ದಿನಾ ಕೊಡ್ತೀನ್ರಿ" ಎಂದು ಮಹಡಿ ಹತ್ತಿದೆ.

ಮರುದಿನ ಬೆಳಿಗ್ಗೆ ಬಸದಿಗೆ ಹೋದ ಕಾಕಾ ಮೆಟ್ಟಿಲ ಮೇಲೇ ಕುಸಿದರು, ಮತ್ತೆ ಏಳಲಿಲ್ಲ. ಅವರ ದೇಹದ ಮುಂದೆ ಕೈಮುಗಿದು ನಿಂತಾಗ ಕಾಯಿ ನನ್ನ ಜೇಬಿನಲ್ಲೇ ಇತ್ತು. ಆಗ ಕೊಡಲಾಗದ್ದನ್ನು ಆಮೇಲೂ ಕೊಡಲಾಗಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕಂಡು ಕ್ಷಮೆ ಕೇಳುವುದು ಅವರ ಪದ್ಧತಿ. ನಾನು ಜೈನನಲ್ಲದಿದ್ದರೂ ಕೆಳಗಿಳಿದು ಕಾಕುವಿನ ಮುಂದೆ ನಿಲ್ಲುತ್ತಿದ್ದೆ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಎಂದು ಎಲ್ಲರಂತೆ ಶುರುಮಾಡಿದರೆ ಆ ಬೆರಳು ಮೇಲೇಳುತ್ತಿತ್ತು.

"ಏನ್ ತಪ್ಪ ಮಾಡೀರಿ, ಹೆಸರ ಹಿಡದ ಹೇಳ್ರಿ ಮಾಸ್ತರ. ಹೋಲ್‌ಸೇಲ್ ಕ್ಷಮಾ ನಮ್ಮಲ್ಲಿ ಸಿಗೂದಿಲ್ಲ."

ನಳ ಬಂದ್ ಮಾಡುವುದು ಮರೆತದ್ದು, ಬಾಗಿಲು ಧಡಾರೆಂದು ಹಾಕಿದ್ದು, ಹೀಗೆ ಸಣ್ಣಪುಟ್ಟದ್ದನ್ನು ಹೇಳಿ ಪಾರಾಗುತ್ತಿದ್ದೆ. ಅವರು ಕ್ಷಮಿಸುತ್ತಿದ್ದರು. ಕ್ಷಮಿಸಿದ ಮೇಲೂ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಿದ್ದರು.

ಕಾಕಾ ತೀರಿಕೊಂಡ ಮೂರನೆಯ ಮಳೆಗಾಲಕ್ಕೆ ಬೋರ್ಡಿನ ಪ್ಲೈವುಡ್ ಉಬ್ಬಿ ಆಟಕ್ಕೆ ಬಾರದಾಯಿತು. ಎಸೆಯುವುದು ಕಾಕುವಿನ ಜಾಯಮಾನವಲ್ಲ. ಕಾಕಾ ಆಸೆಪಟ್ಟು ಮಾಡಿಸಿದ ತೇಗದ ಮೇಜಿನ ಮೇಲೆ ಬಿಸಿ ಚಹಾದ ಕಪ್ಪುಗಳು ಬಳೆಯಂಥ ಕಲೆ ಬಿಡುತ್ತಿದ್ದವು. ಬಡಿಗನನ್ನು ಕರೆಸಿ, ಬೋರ್ಡಿನಿಂದ ಅಂಗೈಯಗಲದ ಆರು ಬಿಲ್ಲೆ ಕೊಯ್ಸಿದರು. ಕೆಳಗೆ ಹಳೇ ಜಮಖಾನೆಯ ತುಂಡು, ಮೇಲೆ ಕಾಕಾ ಇಷ್ಟು ವರ್ಷ ಆಡಿ ಸವೆಸಿದ ನಾಲ್ಕಾರು ಸೆಟ್ಟುಗಳ ಕೇರಂ ಕಾಯಿಗಳು: ನಡುವೆ ಒಂದು, ಸುತ್ತ ಆರು. ಚಹಾದ ಕಪ್ಪು ಕೂರುವ ಮಣೆ ತಯಾರು.

ಮೊದಲ ದಿನವೇ ಫಜೀತಿ. ಕಪ್ಪು ಎತ್ತಿದರೆ ಅದರ ಒದ್ದೆ ತಳಕ್ಕೆ ಅಂಟಿಕೊಂಡು ಕಾಯಿಯೂ ಎದ್ದು ಬರುತ್ತಿತ್ತು. ವರ್ಷಗಟ್ಟಲೆ ಉಜ್ಜಿದ ಪೌಡರ್ ಕಾಯಿಗಳಲ್ಲಿ ಕೂತುಬಿಟ್ಟು ಅಂಟು ಹಿಡಿದಿರಲಿಲ್ಲ.

"ಹ್ವಾದ ಮ್ಯಾಲೂ ಪೌಡರ್ ಬಿಟ್ಟಿಲ್ಲ ನೋಡ್ರಿ ಇವ್ರ" ಎಂದು ಕಾಕು ನಕ್ಕರು. ಆಮೇಲೆ ಒಲೆಯ ಕಡೆ ತಿರುಗಿ, ಕೆಲಸವಿಲ್ಲದಿದ್ದರೂ ಬಹಳ ಹೊತ್ತು ಅಲ್ಲೇ ನಿಂತರು.

ಎಲ್ಲ ಕಾಯಿಗಳನ್ನೂ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಅಂಟಿಸಿದರು. ಆರನೆಯ ಮಣೆಯ ನಡು ಮಾತ್ರ ಖಾಲಿ ಉಳಿಯಿತು. ಸಂಜೆಯ ಚಹಾಕ್ಕೆ ಕೂತಾಗ ನನ್ನ ಮುಂದೆ ಬರುತ್ತಿದ್ದದ್ದು ಅದೇ. ಒಂದು ವಾರ ಸುಮ್ಮನಿದ್ದು ಕೇಳಿದೆ.

"ಕಾಯಿ ಸಾಲಲಿಲ್ಲೇನ್ರಿ ಕಾಕು?"

"ಡಬ್ಬ್ಯಾಗ ಬೇಕಾದಷ್ಟ ಅದಾವ" ಎಂದರು. ಅಷ್ಟೇ.

ಆ ವರ್ಷದ ಕ್ಷಮಾವಣಿಗೆ ಕೆಂಪು ಕಾಯಿಯನ್ನು ಮೇಜಿನ ಮೇಲಿಟ್ಟೆ. "ಇದನ್ನ ನಾ ಸಿಟ್ಟಿಗೆ ಒಯ್ದಿದ್ದೆ. ಕೊಡಾಕ ಧೈರ್ಯ ಆಗಲಿಲ್ಲ. ಕ್ಷಮಾ ಮಾಡ್ರಿ" ಎಂದೆ.

"ಮಾಡೀನಿ" ಎಂದರು ಕಾಕು. ಬೆರಳು ಏಳಲಿಲ್ಲ. "ಈಗ ನಂದ ಕೇಳ್ರಿ. ಆವತ್ತ ಊಟಕ್ಕ ಕುಂತಾಗ ಅವ್ರ ಹೇಳಿದ್ರ, ಮೊಣಕೈ ತಾಗಿದ್ದ ಖರೇ ಐತಿ, ನಾಳೆ ಮಾಸ್ತರಗ ಹೇಳ್ತೀನಿ ಅಂತ. ನಾಳೆ ಅವರಿಗೆ ಸಿಗಲಿಲ್ಲ. ನಾನರ ಹೇಳಬೇಕಿತ್ತು. ನಿಮ್ಮ ಮ್ಯಾಲ ಸಿಟ್ಟಿತ್ತು, ಮೂರ ವರ್ಷ ಮುಚ್ಚಿಟ್ಟೆ. ನೀವು ಕ್ಷಮಾ ಮಾಡ್ರಿ."

ನಾನು ತಲೆಯಾಡಿಸಿದೆ. "ಬಾಯಿಲೆ ಹೇಳ್ರಿ" ಎಂದರು. "ಮಾಡೀನ್ರಿ" ಎಂದೆ.

ಕಾಯಿಯನ್ನು ಆ ಖಾಲಿ ಜಾಗದಲ್ಲಿ ಕೂರಿಸಿದರು. ನಾನು ಅಂಟಿನ ಡಬ್ಬಿ ತರಲು ಎದ್ದರೆ ತಡೆದರು. "ಬ್ಯಾಡ. ಕಪ್ಪ ಎತ್ತಿದಾಗ ಮ್ಯಾಲ ಬರ್ಲಿ. ಮತ್ತ ಏನರ ಮುಚ್ಚಿಡೂ ಮುಂದ ಕಣ್ಣಿಗೆ ಬೀಳ್ತೈತಿ."

ಕಳೆದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಆ ಮಣೆ ನನಗೆಂದು ಮೊದಲೇ ಹೇಳಿಟ್ಟಿದ್ದರಂತೆ. ಈ ವರ್ಷ ಕ್ಷಮಾವಣಿಯ ದಿನ ಕೆಳಗಿನ ಮನೆಗೆ ಬೀಗ. ಮಹಡಿಯಲ್ಲೇ ಚಹಾ ಮಾಡಿಕೊಂಡು, ಮಣೆಯ ಮೇಲೆ ಕಪ್ಪಿಟ್ಟು, ಹೆಸರು ಹಿಡಿದೇ ಹೇಳಿದೆ: ಕಾಕು, ನೀವು ಚಿಕ್ಕೋಡಿಯ ಆಸ್ಪತ್ರೆಯಲ್ಲಿದ್ದಾಗ, ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದು ಎರಡು ದಿನ ತಡವಾಗಿ ಬಂದೆ. ಪೇಪರ್ ಇರಲಿಲ್ಲ. ನಿಮ್ಮನ್ನು ಆ ಸ್ಥಿತಿಯಲ್ಲಿ ನೋಡಲು ಹೆದರಿದ್ದೆ.

ಕಪ್ಪು ಎತ್ತಿದೆ. ಕೆಂಪು ಕಾಯಿ ತಳಕ್ಕೆ ಅಂಟಿಕೊಂಡು ಮೇಲೆ ಬಂತು.