ಟೊಮೆಟೊ ಶೆಡ್ಡಿನ ಇಂಗ್ಲಿಷ್ ಹಾಡುಗಳು

ಕಳೆದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ನಿಧಾನವಾಗಿ ಸರಿಹೋಯಿತು, ಕಾಲೂ ಹಿಡಿತಕ್ಕೆ ಬಂತು, ಮಾತು ಮಾತ್ರ ಬರಲಿಲ್ಲ. ನಾವು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೋದರೆ ತುಟಿ ಅಲುಗಿ, ಒಂದು ಉಸಿರು ಬಂದು, ಅಷ್ಟಕ್ಕೇ ನಿಲ್ಲುತ್ತಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಕಂಡದ್ದನ್ನು ಕಂಡ ಹಾಗೆ, ಒಂದಾದ ಮೇಲೊಂದು ಹೇಳುತ್ತೇನೆ.

ಸೇಲಂನಲ್ಲಿ ಅವನಿಗೆ ಮಾತು ಕಲಿಸುತ್ತಿದ್ದ ಹುಡುಗಿ ನನ್ನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ತಮಿಳಿನಲ್ಲಿ ಬಿಡಿಸಿ ಹೇಳಿದ್ದಳು. ಇಂಥವರಲ್ಲಿ ಕೆಲವರಿಗೆ ಮಾತಾಡಲು ಬರದಿದ್ದರೂ ಹಾಡಲು ಬರುತ್ತದೆ, ಹಳೆಯ ಹಾಡು ಹಾಕಿ ನೋಡಿ ಎಂದಳು. ಆದರೆ ಹಾಡಿದರೆಂದು ಮಾತು ಬಂತು ಅಂದುಕೊಳ್ಳಬೇಡಿ, ಹಾಡಿನಲ್ಲಿಲ್ಲದ, ಅವರದೇ ಆದ ಒಂದು ಮಾತು ಬರಬೇಕು ಎಂದೂ ಹೇಳಿದಳು.

ಅತ್ತಿಗೆ ಕಾದದ್ದು ಆ ಒಂದು ಮಾತಿಗೆ. ಪಾಲಕೋಡ್ ಹತ್ತಿರದ ಊರಮನೆಯಲ್ಲಿ ಬೆಳಿಗ್ಗೆ ದೇವರ ಹಾಡು, ಸಂಜೆ ತಮಿಳು ಸಿನಿಮಾ ಹಾಡು ಹಾಕುತ್ತಿದ್ದರು. ನಾನು ಭಾನುವಾರ ಸೇಲಂನಿಂದ ಹೋದಾಗಲೆಲ್ಲ ಅವರದು ಒಂದೇ ವರದಿ.

"ಸಾಮಿ ಪಾಟ್ಟೆಲ್ಲ ಮುಗೀತು ಕಣಪ್ಪ. ಸಾಮಿಗೇ ಸಾಕಾಗಿರ್ಬೇಕು. ನಿಮ್ಮಣ್ಣ ಕೇಳ್ತಾರೆ, ನನ್ನ ಮೊಕ ನೋಡ್ತಾರೆ, ಎದ್ದು ಓಗ್ತಾರೆ."

ಒಂದು ಭಾನುವಾರ ಟೊಮೆಟೊ ಆರಿಸುವ ಶೆಡ್ಡಿನಲ್ಲಿದ್ದೆವು. ಅಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಅತ್ತಿಗೆ ಗಟ್ಟಿ ಹಣ್ಣನ್ನು ಒಂದು ಕ್ರೇಟಿಗೆ, ಮಾಗಿದ್ದನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ಒಡೆದ ಹಣ್ಣು ಬಕೆಟ್ಟಿಗೆ. ಕೆಲಸದ ಮಧ್ಯೆ ಅವರು ಏನೋ ಗುನುಗಿದರು. ಎಲ್ಲೋ ಕೇಳಿದ ರಾಗ ಅನ್ನಿಸಿತು.

"ಅತ್ಗೆ, ಅದ್ಯಾವ ಪಾಟ್ಟು?"

"ಇದಾ? ಅಣ್ಣು ಆರ್ಸೋ ಪಾಟ್ಟು."

ಹಣ್ಣು ಆರಿಸುವ ಹಾಡಲ್ಲ ಅದು. ಇಂಗ್ಲಿಷ್ ಹಾಡು, ನಮ್ಮ ಹರೆಯದಲ್ಲಿ ಲೋಕವೆಲ್ಲ ಕುಣಿದ ಹಾಡು. ಅಣ್ಣ ಸೇಲಂನಲ್ಲಿ ಕಾಲೇಜು ಓದುವಾಗ, ಖಾಲಿ ಕ್ಯಾಸೆಟ್ ಕೊಟ್ಟರೆ ಕೇಳಿದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳಿದ್ದವು. ಅವನು ಅಂಥದೊಂದು ಕ್ಯಾಸೆಟ್ ಮಾಡಿಸಿಕೊಂಡು ಬಂದು ಈ ಶೆಡ್ಡಿನ ಟೇಪ್ ರೆಕಾರ್ಡರಿಗೆ ಹಾಕಿದ. ಹಣ್ಣು ಆರಿಸುವ ಹೆಂಗಸರು, "ಯಾರೋ ಬೆಕ್ಕಿನ ಬಾಲ ತುಳ್ದವ್ರೆ, ಎತ್ರಲಾ ಕಾಲ" ಅಂದರು. ವಾರ ಕಳೆಯುವುದರೊಳಗೆ ಅವರ ಕೈ ಅದೇ ತಾಳಕ್ಕೆ ಓಡುತ್ತಿತ್ತು. ನಿಧಾನದ ಪ್ರೇಮಗೀತೆ ಬಂದರೆ ಕ್ರೇಟು ಬೇಗ ತುಂಬುವುದಿಲ್ಲವೆಂದು ಅಪ್ಪನ ತಕರಾರು. "ಅಳೋ ಪಾಟ್ಟು ಬ್ಯಾಡ, ಆ ಕುಣಿಯೋದು ಆಕ್ಲಾ" ಎಂದು ಕೂಗುತ್ತಿದ್ದರು. ಮದುವೆಯಾಗಿ ಬಂದ ಅತ್ತಿಗೆಗೆ ಅದು ಯಾವ ದೇಶದ ಹಾಡೆಂದು ಯಾರೂ ಹೇಳಲಿಲ್ಲ. ಅವರ ಮಟ್ಟಿಗೆ ಅದು ಈ ಶೆಡ್ಡಿನದು.

ನಾನು ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಹಾಕಿ, ಕ್ರೇಟಿನ ಮೇಲಿಟ್ಟೆ.

ಇಬ್ಬರು ಹೆಂಗಸರು ಜೊತೆಯಾಗಿ ಹಾಡುವ ಹಾಡದು. ಎರಡನೆಯ ಸಾಲಿನಲ್ಲಿ ಮೂರನೆಯ ದನಿಯೊಂದು ಕೇಳಿತು. ಮೊದಲು ಅದೂ ಫೋನಿನದೇ ಅಂದುಕೊಂಡೆ. ಆಮೇಲೆ ಅಣ್ಣನ ಗಂಟಲು ಅಲುಗುವುದನ್ನು ಕಂಡೆ. ದನಿ ಒರಟಾಗಿತ್ತು, ಆದರೆ ಪದ ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅತ್ತಿಗೆ ಕೈಯಲ್ಲಿದ್ದ ಹಣ್ಣನ್ನು ಯಾವ ಕ್ರೇಟಿಗೂ ಹಾಕಲಿಲ್ಲ. ಅವನನ್ನೇ ನೋಡುತ್ತ, ಪದ ಬರದಲ್ಲಿ ಬರೀ ರಾಗ ಎಳೆಯುತ್ತ, ತಾವೂ ಸೇರಿಕೊಂಡರು. ನಾನೂ ಸೇರಿದೆ. ಹಾಡು ಮಾತಲ್ಲ ಎಂದು ಆ ಹುಡುಗಿ ಹೇಳಿದ್ದು ನೆನಪಿತ್ತು. ಆದರೂ ಕಾಲು ತಾಳ ಹಾಕುತ್ತಿತ್ತು.

ಹಾಡಿನ ಒಂದು ಕಡೆ ಮೂವರೂ ಥಟ್ಟನೆ ನಿಲ್ಲಿಸಿದೆವು. ಫೋನು ಮಾತ್ರ ಹಾಡುತ್ತಲೇ ಹೋಯಿತು.

"ಇದೇನಪ್ಪ," ಅತ್ತಿಗೆ ಫೋನನ್ನು ಅನುಮಾನದಿಂದ ನೋಡಿದರು, "ಇನ್ನೂ ಐತಾ?"

ಅಂಗಡಿಯವನು ತುಂಬಿಕೊಟ್ಟ ಕ್ಯಾಸೆಟ್ಟಿನಲ್ಲಿ ಅಲ್ಲಿಗೆ ಒಂದು ಮಗ್ಗುಲಿನ ಟೇಪು ಮುಗಿಯುತ್ತಿತ್ತು. ಹಾಡು ಸಾಲಿನ ನಡುವೆಯೇ ಕತ್ತರಿಸಿ ಹೋಗುತ್ತಿತ್ತು. ಇಷ್ಟು ವರ್ಷವೂ ಅದು ಅಲ್ಲಿಗೇ ಮುಗಿಯುವ ಹಾಡೆಂದು ನಮ್ಮ ಮನೆಯವರೆಲ್ಲ ಹಾಡಿಕೊಂಡು ಬಂದಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನಗಲಿಲ್ಲ. ಹುಬ್ಬು ಗಂಟಿಕ್ಕಿ, ಕೈ ಎತ್ತಿ, ಅಂಗೈಯನ್ನು ಮೇಲೆ ಕೆಳಗೆ ಮಾಡಿ ತೋರಿಸಿದ.

"ತಿರ್ಗ್ಸು," ಅಂದ.

ಆ ಮಾತು ಹಾಡಿನಲ್ಲಿರಲಿಲ್ಲ. ಇಂಗ್ಲಿಷೂ ಅಲ್ಲ. ನಾನು ಅತ್ತಿಗೆಯ ಮುಖ ನೋಡಿದೆ, ಅವರು ನನ್ನದನ್ನು ನೋಡಿದರು.

"ಏನಂದ್ರಿ?" ಎಂದು ಬಹಳ ಮೆಲ್ಲಗೆ ಕೇಳಿದರು.

"ತಿರ್ಗ್ಸ್ಲಾ," ಅಂದ ಅಣ್ಣ, ನನಗೆ, ಸಿಟ್ಟಿನಿಂದ.

ಏನು ಮಾಡುವುದೆಂದು ತೋಚದೆ ನಾನು ಫೋನನ್ನೇ ಬೋರಲು ಹಾಕಿದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಗೇ ನಗುತ್ತ, "ಅಯ್ಯೋ ಪೆದ್ದ, ಆ ಕಡೆ ಪಾಟ್ಟು ಆಕು" ಎಂದರು. ಇನ್ನೊಂದು ಮಗ್ಗುಲಿನ ಮೊದಲ ಹಾಡು ನನಗೆ ನೆನಪಾಗಲಿಲ್ಲ. ಆ ಕಾಲದ ಯಾವುದನ್ನೋ ಹಾಕಿದೆ.

"ಅಲ್ಲ," ಅಂದ ಅಣ್ಣ.

ಬೇರೆ ಹಾಕಿದೆ.

"ಅದಲ್ಲ."

ಅಷ್ಟರಲ್ಲಿ ನನಗೆ ನೆನಪಾಯಿತು. ಅಳೋ ಪಾಟ್ಟು ಅದು, ಅಪ್ಪ ಬೇಡವೆಂದು ಕೂಗುತ್ತಿದ್ದದ್ದು. ಹೆಸರು ಹೇಳಿದ್ದೇ ತಡ, ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು.

"ಅದ ಆಕ್ಬ್ಯಾಡ," ಎಂದು ಕಿವಿಯ ಹತ್ತಿರ ಬಂದು ಹೇಳಿದರು. "ತಪ್ಪು ಪಾಟ್ಟೇ ಆಕು. ಬಯ್ಲಿ."

ನಾನು ತಪ್ಪು ಹಾಡುಗಳನ್ನೇ ಹಾಕುತ್ತ ಹೋದೆ. ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ಅಣ್ಣ ನನ್ನನ್ನು ಎರಡು ಸಲ ಕತ್ತೆ ಅಂದಿದ್ದ. ಅತ್ತಿಗೆ ಪ್ರತಿ ಸಲವೂ ಕ್ರೇಟು ಬಿಟ್ಟು ಅವನ ಹತ್ತಿರ ಹೋಗಿ, ಕೇಳಿಸಲಿಲ್ಲ, ಇನ್ನೊಂದ್ ಸಲ ಏಳಿ ಅನ್ನುತ್ತಿದ್ದರು.