ಕಾಳಿ ಹೊಳೆಯ ಮುಂಬೈ

ಅಂದಾನೆಪ್ಪ ಸಾವಕಾರರ ಬಿಳಿ ಪ್ಯಾಂಟು ಬಸ್ತ್ಯಾಂವನ ಸೊಂಟಕ್ಕೆ ತೀರ ದೊಡ್ಡದು. ಆದ್ದರಿಂದ ದೋಣಿ ಕಟ್ಟುವ ಹಗ್ಗದ್ದೇ ಒಂದು ತುಂಡಿನಿಂದ ಅದನ್ನು ಬಿಗಿದಿದ್ದ. ಭಾನುವಾರ ಹಳಿಯಾಳದ ವ್ಯಾಪಾರಸ್ಥರು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ಕೂತರು. ಬಸ್ತ್ಯಾಂವ ಕಪ್ತಾನನ ಟೊಪ್ಪಿಗೆಗೆ ಕೈ ಹಚ್ಚಿ ಸಲಾಮು ಹೊಡೆದ. ದಂಡೆಯ ಮೇಲಿಂದ ಸಾವಕಾರರು, "ಹಗ್ಗಾ ಬಿಚ್ಚವಾ" ಎಂದರು. ಹಿಂದೆ ಕೂತು ಡಬ್ಬಿಯಿಂದ ದೋಣಿಯ ನೀರು ಮೊಗೆಯುತ್ತಿದ್ದ ಅಗ್ನೆಸ್ ಕೈಗೆ ಸಿಕ್ಕ ಹಗ್ಗ ಎಳೆದಳು. ದೋಣಿ ನಿಂತಲ್ಲೇ ಇತ್ತು. ಪ್ಯಾಂಟು ಹೊರಟಿತು.

ಮಕ್ಕಳು ಬಿದ್ದು ಬಿದ್ದು ನಕ್ಕವು. ಹೆಂಗಸರು ಸೆರಗಿನೊಳಗೆ ನಕ್ಕರು. ಅಗ್ನೆಸ್ ಮಾತ್ರ ಏನಾಯಿತೆಂದು ನೋಡಲೂ ಇಲ್ಲ. ಅವಳ ಗಂಡ ಫಿಲಿಪ್, ಅಂದರೆ ಬಸ್ತ್ಯಾಂವ ಸಾಕಿ ಬೆಳೆಸಿದ ತಮ್ಮ, ಮುಂಬೈ ಬಂದರದ ಗೋದಿಯಲ್ಲಿ ಹಮಾಲನಾಗಿದ್ದ. ಗೋದಿಯಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ಊರಿಗೆ ಊರೇ ನಡುಗಿತೆಂಬ ಸುದ್ದಿ ಆ ವಾರವಷ್ಟೇ ರೈಲಿನವರ ಬಾಯಲ್ಲಿ ದಾಂಡೇಲಿಗೆ ಬಂದಿತ್ತು.

"ಚಲೋ ಆತು ಬಿಡೋ ಬಸ್ತ್ಯಾಂವ," ಎಂದರು ಸಾವಕಾರರು ಸಂಜೆ. "ಹುಡುಗೂರು ಖುಷಿಪಟ್ಟವು. ವಾರಾ ವಾರಾ ಹಿಂಗ ಮಾಡೂಣೇನು?"

ಸಾವಕಾರರು ಕಟ್ಟಿಗೆ ವ್ಯಾಪಾರದವರು. ಒಮ್ಮೆ ಮುಂಬೈಗೆ ಹೋಗಿ, ಲಾಂಚಿನಲ್ಲಿ ಕೂತು ಬಂದರ ಸುತ್ತಿ, ಇಡೀ ಮುಂಬೈಯನ್ನು ತಲೆಯಲ್ಲಿ ಹೊತ್ತು ತಂದು ಕಾಳಿ ಹೊಳೆಯ ಮಡುವಿನಲ್ಲಿ ಇಳಿಸಿದ್ದರು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಬಡಿದರು. ದಂಡೆಗೆ ಬಿದಿರಿನ ಕಮಾನು ಕಟ್ಟಿ ಅಪೋಲೋ ಬಂದರ ಎಂದರು. ಮತ್ತಿ ಮರಕ್ಕೆ ಕಂದೀಲು ಕಟ್ಟಿ ದೀಪಸ್ತಂಭ ಎಂದರು. ಬೆನ್ನು ಉಬ್ಬಿದ ಬಂಡೆ ಘಾರಾಪುರಿ ದ್ವೀಪವಾಯಿತು. ಅದರಾಚೆ ಚಪ್ಪಟೆ ಬಂಡೆಗೆ ಸುಣ್ಣ ಬಳಿದು, ಗೋದಿ ಎಂದು ಹೆಸರಿಟ್ಟರು. ಅಂಗಡಿಯಲ್ಲಿ ಹಿಡಿ ಗೋದಿ ಸಿಗದ ಯುದ್ಧದ ಕಾಲದಲ್ಲಿ ಹೊಳೆಯ ನಡುವೆ ಇಷ್ಟು ದೊಡ್ಡ ಗೋದಿ ಕಂಡು ಹಳಿಯಾಳದವರು ಬಾಯಿ ತೆರೆದರು. ಹಡಗು ನಿಲ್ಲುವ ಕಟ್ಟೆಗೆ ಮುಂಬೈಯಲ್ಲಿ ಹಾಗೆನ್ನುತ್ತಾರೆಂದು ತಿಳಿದ ಮೇಲೆ ಮುಚ್ಚಿದರು. ಮಕ್ಕಳಿಗೆ ಚುರುಮುರಿ, ಪೀಪಿ. ಮೊಸಳೆ ಕಂಡರೆ ಅದು ಸಾವಕಾರರ ಲೆಕ್ಕದಲ್ಲಿ ಪುಕ್ಕಟೆ.

ಕಪ್ತಾನನ ಕೆಲಸಕ್ಕೆ ಬಸ್ತ್ಯಾಂವನನ್ನು ಹಿಡಿದದ್ದಕ್ಕೂ ಅವರಲ್ಲಿ ಕಾರಣವಿತ್ತು: "ನೀವು ಸಿದ್ದಿಗಳು ಹಡಗದಾಗ ಬಂದವ್ರಲ್ಲೇನೋ." ಬಂದದ್ದು ನಿಜ. ಅವನ ಹಿರಿಯರನ್ನು ಗುಲಾಮರಾಗಿ ಹಡಗಿನ ಹೊಟ್ಟೆಯಲ್ಲಿ ತುಂಬಿ ಗೋವೆಗೆ ತಂದಿದ್ದರು. ಟಿಕೀಟಿನ ಖರ್ಚು ಇರಲಿಲ್ಲ. ಅವರು ಅಲ್ಲಿಂದ ಓಡಿ ಕಾಡು ಸೇರಿದ ಮೇಲೆ ಆ ಮನೆತನದಲ್ಲಿ ಯಾರೂ ಸಮುದ್ರದ ಮುಖ ನೋಡಿರಲಿಲ್ಲ, ಫಿಲಿಪ್ ಹೋಗುವ ತನಕ. ಮಡುವಿನ ಬಂಡೆ ತೋರಿಸುತ್ತ ತೋರಿಸುತ್ತ ಅವನಿಗೆ ಮುಂಬೈಯ ಹುಚ್ಚು ಹಿಡಿಸಿದವನೂ ಬಸ್ತ್ಯಾಂವನೇ.

ಸಿದ್ದಿಗಳ ಮನೆಯಲ್ಲಿ ದೇವರು ಯಾರೇ ಇರಲಿ, ಹಿರಿಯರು ಇದ್ದೇ ಇರುತ್ತಾರೆ. ಮಳೆ ಹಿಡಿಯುವ ಮುಂಚೆ ಸತ್ತವರ ಹೆಸರಿನಲ್ಲಿ ಎಡೆ ಇಡುವುದು ಬಸ್ತ್ಯಾಂವನ ಮನೆಯ ಪದ್ಧತಿ. ಸತ್ತವನಿಗೆ ಎಡೆ ತಪ್ಪಿದರೆ ಅವನು ಹಸಿದು ಅಲೆಯುತ್ತಾನೆ. ಬದುಕಿದವನಿಗೆ ಇಟ್ಟರೆ ಅವನ ಆಯುಷ್ಯವನ್ನು ಮನೆಯವರೇ ಕತ್ತರಿಸಿದ ಹಾಗೆ.

"ಬಾವಾರ, ಒಂದ ಎಡಿ ಹೆಚ್ಚಿಗಿ ಇಡಲ್ಯೋ ಬ್ಯಾಡೋ?" ಎಂದಳು ಅಗ್ನೆಸ್.

"ತಡಿ ತಂಗೀ. ನೋಡಿ ಬರ್ತೇನಿ."

ಸಾವಕಾರರು ಸಿಟ್ಟಿಗೆದ್ದು, ಹಂಗಾಮು ಮುಗಿದ ಮೇಲೆ ಹೋಗು ಎಂದರು. ಬಸ್ತ್ಯಾಂವ ಟೊಪ್ಪಿಗೆಯನ್ನು ಮತ್ತಿ ಮರಕ್ಕೆ ಸಿಕ್ಕಿಸಿ ರೈಲು ಹತ್ತಿದ.

ಮುಂಬೈಯಲ್ಲಿ ಅವನು ಯಾರನ್ನೂ ದಾರಿ ಕೇಳಲಿಲ್ಲ. ಕೇಳುವುದೇಕೆ, ಭಾನುವಾರಕ್ಕೊಮ್ಮೆ ಸುತ್ತಿದ ಊರು. ಅಪೋಲೋ ಬಂದರದ ಕಮಾನಿಗೆ ಬೆನ್ನು ಕೊಟ್ಟು ನಿಂತರೆ ಎಡಕ್ಕೆ ದೀಪಸ್ತಂಭ, ಬಲಕ್ಕೆ ಘಾರಾಪುರಿ, ಅದರಾಚೆ ಒಂದು ಕೂಗಿನಷ್ಟು ದೂರ ಗೋದಿ. ಕಮಾನೇನೋ ಸಿಕ್ಕಿತು, ಕಲ್ಲಿನದು, ಬಿದಿರಿಗಿಂತ ಗಟ್ಟಿ. ಅವನು ಬೆನ್ನು ಕೊಟ್ಟು ನಿಂತ. ಎಡಕ್ಕೂ ನೀರು, ಬಲಕ್ಕೂ ನೀರು. ಆದರೂ ಅವನ ಕಾಲುಗಳು ಸಾವಕಾರರ ಮುಂಬೈಯನ್ನೇ ನಂಬಿ ಬಲಕ್ಕೆ ನಡೆದವು. ಸಂಜೆಗೆ ಎಲ್ಲಿಗೆ ಮುಟ್ಟಿದನೋ ಅಲ್ಲಿ ಮೀನು ಒಣ ಹಾಕಿದ್ದರು. ಮೀನು ಮಾರುವ ಮುದುಕಿಯೊಬ್ಬಳು ಕೊಂಕಣಿಯಲ್ಲಿ ಬೈದು, ಅವನ ಭುಜ ಹಿಡಿದು, ಬಂದ ದಾರಿಗೇ ತಿರುಗಿಸಿದಳು.

ಮರುದಿನ ಗೋದಿ ಸಿಕ್ಕಿತು, ಎಂದರೆ ಗೋದಿ ಇದ್ದ ಜಾಗ. ಕರಕಾದ ಗೋಡೆಗಳ ನಡುವೆ ಸುಟ್ಟ ಹತ್ತಿಯ ವಾಸನೆ ಇನ್ನೂ ಏಳುತ್ತಿತ್ತು. ಪಹರೆಯವನು ಒಳಗೆ ಬಿಡಲಿಲ್ಲ. ತಮ್ಮನ ಹೆಸರು ಹೇಳಿದರೆ, "ಇಲ್ಲಿ ಹೆಸರು ಹೇಳಿ ಯಾರೂ ಸಾಯಲಿಲ್ಲಪ್ಪ" ಎಂದ. ಫಿಲಿಪನ ಜೊತೆ ಒಂದೇ ಖೋಲಿಯಲ್ಲಿದ್ದ ಹಮಾಲನೊಬ್ಬ ಸಿಕ್ಕ. ಬೆಂಕಿ ಕಂಡಾಗ ತಾನು ಹೊರಗೆ ಓಡಿದೆ, ಫಿಲಿಪ್ ಆರಿಸಲು ಒಳಗೆ ಓಡಿದ, ಎಂದ. ಅಷ್ಟೇ ಹೇಳಿ ಬೀಡಿ ಹಚ್ಚಲು ಕಡ್ಡಿ ಗೀರಿ, ಉರಿ ಕಂಡು ಊದಿ ಆರಿಸಿದ.

ಬಸ್ತ್ಯಾಂವ ಊರಿಗೆ ಬಂದ. ಅಗ್ನೆಸ್ ನೀರು ಕೊಟ್ಟಳು, ಬಾಗಿಲ ಬಳಿ ನಿಂತಳು.

"ಏನ್ ನೋಡಿದ್ರಿ ಬಾವಾರ?"

"ಬಿಸಲ ಬಾಳ ಇತ್ತವಾ," ಎಂದ.

ಎಡೆಯ ದಿನ ಹತ್ತಿರ ಬಂತು. ಅವಳು ಬಾಳೆ ಎಲೆ ಕೊಯ್ದು ತಂದು ನೀರು ಚಿಮುಕಿಸಿಟ್ಟಳು. ಎಷ್ಟು ಬೇಕೆಂದು ಮತ್ತೆ ಕೇಳಲಿಲ್ಲ. ಅವನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಆಕಳಿಕೆ ಬಂದವನಂತೆ ಮುಚ್ಚಿಕೊಂಡ.

ಎಡೆಯ ಹಿಂದಿನ ದಿನ ಭಾನುವಾರ. ಹಂಗಾಮಿನ ಕೊನೆಯ ದೋಣಿ. ಸಾವಕಾರರು ಸಿಟ್ಟು ಮರೆತು ತಾವೇ ಹತ್ತಿ ಕೂತಿದ್ದರು. "ನಮ್ಮ ಕಪ್ತಾನ ಈಗ ಅಸಲಿ ಮುಂಬೈ ನೋಡಿ ಬಂದಾನ್ರೀ," ಎಂದು ಎಲ್ಲರಿಗೂ ಸಾರಿದರು. ದೀಪಸ್ತಂಭ ದಾಟಿತು, ಘಾರಾಪುರಿ ದಾಟಿತು. ಸುಣ್ಣ ಬಳಿದ ಬಂಡೆಯ ಬಳಿ ಮಾಮಲೇದಾರರ ಹೆಂಡತಿ ಮಗುವಿನ ಬಾಯಿಯ ಚುರುಮುರಿ ಒರೆಸುತ್ತ ಕೇಳಿದರು:

"ಹೌದೇನೋ? ಹೆಂಗೈತಿ ಮತ್ತ ಆ ಮುಂಬೈ?"

ಬಸ್ತ್ಯಾಂವ ಹುಟ್ಟು ಎತ್ತಿ ಹಿಡಿದ. ದೋಣಿಯ ಹಿಂದೆ ನೀರು ಮೊಗೆಯುತ್ತಿದ್ದ ಅಗ್ನೆಸಳ ಡಬ್ಬಿಯ ಸಪ್ಪಳ ನಿಂತಿತು.

"ನಮ್ದ ಚಲೋ ಐತ್ರೀ ಬಾಯಾರ," ಎಂದ. "ಇಲ್ಲಿ ಗೋದಿ ಇನ್ನೂ ಐತಿ."